ಭುಜದ ಮೇಲಿನ ಪಟ್ಟಿ: ಅಮೆರಿಕದ ಸೇನಾ ಪಶುವೈದ್ಯರಿಗೆ ಬಡ್ತಿ ದಕ್ಕಿದ ಬಗೆ

ಸೇನೆಯಲ್ಲಿ ಬಡ್ತಿ ಎಂದರೆ ಸಂಬಳ ಏರುವುದು, ಸಲಾಮು ಹೆಚ್ಚುವುದು ಅಷ್ಟೇ ಎಂದುಕೊಂಡರೆ ಪಶುವೈದ್ಯರ ಮಟ್ಟಿಗೆ ಆ ಲೆಕ್ಕ ತಪ್ಪುತ್ತದೆ. ಅಶ್ವದಳದ ಲಾಯದಲ್ಲಿ ಒಂದು ಕುದುರೆಗೆ ಗ್ಲಾಂಡರ್ಸ್ ತಗುಲಿದೆ ಎಂದು ವೈದ್ಯ ಕಂಡುಕೊಂಡ ಅನ್ನಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ಮದ್ದಿರಲಿಲ್ಲ. ಒಂದು ಕುದುರೆಯಿಂದ ಇಡೀ ಲಾಯಕ್ಕೆ, ಅಲ್ಲಿಂದ ಸವಾರನಿಗೂ ಹರಡುವ ರೋಗ ಅದು. ಕುದುರೆಯನ್ನು ಕೂಡಲೇ ಕೊಲ್ಲಬೇಕು, ಜೊತೆಗಿದ್ದವನ್ನು ಬೇರೆ ಕಟ್ಟಬೇಕು, ಗೋದಲಿ ತೊಟ್ಟಿಗಳನ್ನು ಸುಡಬೇಕು. ಆದರೆ ದಂಡು ನಾಳೆ ಬೆಳಿಗ್ಗೆ ಹೊರಡಬೇಕಾಗಿದೆ. ದಳದ ಕ್ಯಾಪ್ಟನ್ನನಿಗೆ ಕುದುರೆಗಳ ಎಣಿಕೆ ಕಡಿಮೆಯಾಗುವುದು ಬೇಕಿಲ್ಲ. ಅವನು ‘ಆಮೇಲೆ ನೋಡೋಣ’ ಎಂದುಬಿಟ್ಟರೆ ವೈದ್ಯನ ವಿದ್ಯೆಗೆ ಅಲ್ಲಿಗೆ ಮುಕ್ತಾಯ. ಅವನ ಮಾತು ನಡೆಯಬೇಕಾದರೆ ಭುಜದ ಮೇಲೆ ಪಟ್ಟಿ ಇರಬೇಕು.

ಆ ಪಟ್ಟಿ ಹೇಗೆ ಬಂತು, ಒಂದಾದ ಮೇಲೆ ಒಂದು ಹೆಚ್ಚಲು ವೈದ್ಯ ಏನೇನು ರುಜುವಾತು ಕೊಡಬೇಕಾಯಿತು ಎಂಬ ಚರಿತ್ರೆ ಅಮೆರಿಕದ ಸೇನೆಯಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಪಶುವೈದ್ಯ ದಳ ಹುಟ್ಟಿದ್ದು 1916ರ ಜೂನ್ 3ರಂದು, ಒಂದು ಕಾಯಿದೆಯ ಮೂಲಕ. ಅದಕ್ಕೆ ಮುಂಚಿನ ಐವತ್ಮೂರು ವರ್ಷಗಳ ಕಾಯುವಿಕೆಯೂ ನಂತರದ ನೂರು ವರ್ಷಗಳ ತಿದ್ದುಪಡಿಗಳೂ ಸೇರಿದರೆ ಬಡ್ತಿಯ ನಿಯಮಗಳ ಒಂದು ಪೂರ್ಣ ಕಥೆಯಾಗುತ್ತದೆ.

ಎಪ್ಪತ್ತೈದು ಡಾಲರಿನ ವೈದ್ಯ

ಅಮೆರಿಕದ ಅಶ್ವದಳದಲ್ಲಿ ಮೊದಲಿಗೆ ಇದ್ದವರು ಲಾಳ ಕಟ್ಟುವವರು, ನಮ್ಮ ಕಡೆಯ ನಾಲಬಂದರಂಥವರು. 1792ರ ಕಾಯಿದೆ ಪ್ರತಿ ತುಕಡಿಗೂ ಅಂಥವನೊಬ್ಬನನ್ನು ಕೊಟ್ಟಿತ್ತು. ಗೊರಸಿನ ಜೊತೆಗೆ ಹೊಟ್ಟೆನೋವು, ಗಾಯ, ಜ್ವರ ಎಲ್ಲವನ್ನೂ ಅವನೇ ನೋಡಿಕೊಳ್ಳಬೇಕಿತ್ತು. ಬ್ರಿಟಿಷ್ ಸೇನೆ ಜಾನ್ ಶಿಪ್ ಎಂಬ ಪಶುವೈದ್ಯನನ್ನು 1796ರಲ್ಲೇ ಅಶ್ವದಳಕ್ಕೆ ನೇಮಿಸಿಕೊಂಡಿತ್ತು. ಅಮೆರಿಕಕ್ಕೆ ಆ ಯೋಚನೆ ಬರಲು ಅಂತರ್ಯುದ್ಧವೇ ಬೇಕಾಯಿತು.

1863ರ ಮಾರ್ಚ್ 3ರ ಕಾಯಿದೆ ಪ್ರತಿ ಅಶ್ವದಳ ರೆಜಿಮೆಂಟಿಗೂ ಒಬ್ಬ ಪಶುವೈದ್ಯನನ್ನು ಮಂಜೂರು ಮಾಡಿತು. ದರ್ಜೆ ರೆಜಿಮೆಂಟಿನ ಸಾರ್ಜೆಂಟ್ ಮೇಜರನದು, ಸಂಬಳ ತಿಂಗಳಿಗೆ 75 ಡಾಲರ್. ಕಲಿತಿರಬೇಕೆಂಬ ಷರತ್ತು ಇರಲಿಲ್ಲ. ದೇಶದಲ್ಲಿ ಕಲಿಯಲು ಕಾಲೇಜುಗಳೂ ಹೆಚ್ಚಿರಲಿಲ್ಲ. ಕುದುರೆ ಗೊತ್ತು ಎಂದವನು ವೈದ್ಯನಾದ. ಮೇಲೇರುವ ಮೆಟ್ಟಿಲಂತೂ ಇರಲೇ ಇಲ್ಲ. ಸೇರಿದ ದರ್ಜೆಯಲ್ಲೇ ನಿವೃತ್ತಿ.

ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಪೊಟೊಮ್ಯಾಕ್ ನದಿಯ ದಡದ ಗೀಸ್‌ಬರೊದಲ್ಲಿ ಒಕ್ಕೂಟದ ಸೇನೆ ಭಾರಿ ಅಶ್ವಾಗಾರವೊಂದನ್ನು ತೆರೆಯಿತು. ಯುದ್ಧಭೂಮಿಯಿಂದ ಬಂದ ರೋಗಿಷ್ಠ ಕುದುರೆಗಳೂ ಹೊಸದಾಗಿ ಕೊಂಡ ಕುದುರೆಗಳೂ ಒಂದೇ ಕಡೆ ಸೇರಿದವು. ಗ್ಲಾಂಡರ್ಸ್‌ಗೆ ಅದಕ್ಕಿಂತ ಅನುಕೂಲದ ಜಾಗ ಬೇಕಿರಲಿಲ್ಲ. ಎದುರು ಪಕ್ಷದವರದೂ ಅದೇ ಪಾಡು. ವರ್ಜೀನಿಯಾದ ಲಿಂಚ್‌ಬರ್ಗಿನಲ್ಲಿ ಟೆರೆಲ್ ಮತ್ತು ಪೇಜ್ ಎಂಬಿಬ್ಬರು ವೈದ್ಯರು ದಕ್ಷಿಣದ ಸೇನೆಗಾಗಿ ಗ್ಲಾಂಡರ್ಸನ್ನು ಕ್ರಮವಾಗಿ ಅಧ್ಯಯನ ಮಾಡಿದರು. ಇಬ್ಬರೂ ಮನುಷ್ಯರ ವೈದ್ಯರು. ಪಶುರೋಗದ ಸಂಶೋಧನೆಗೆ ಸೇನೆಯೊಳಗೆ ಪಶುವೈದ್ಯರೇ ಸಿಗದ ಕಾಲ ಅದು.

ಪದವಿ ಬಂತು, ಹುದ್ದೆ ಬರಲಿಲ್ಲ

ಮೊದಲ ತಿದ್ದುಪಡಿ ಬಾಗಿಲಲ್ಲೇ ಆಯಿತು. 1879ರಲ್ಲಿ ಸೇನಾ ಇಲಾಖೆ ಹೊರಡಿಸಿದ ಆದೇಶದ ಪ್ರಕಾರ ಇನ್ನು ಮುಂದೆ ಮಾನ್ಯತೆಯುಳ್ಳ ಪಶುವೈದ್ಯ ಕಾಲೇಜಿನ ಪದವೀಧರರಿಗೆ ಮಾತ್ರ ನೇಮಕ. ಅಯೋವಾದಲ್ಲಿ ಸರ್ಕಾರಿ ಪಶುವೈದ್ಯ ಕಾಲೇಜು ಆರಂಭವಾದದ್ದೂ ಅದೇ ವರ್ಷ. ಪಶುವೈದ್ಯಕೀಯವು ಕೈಕಸುಬಿನಿಂದ ವಿದ್ಯೆಯಾಗುತ್ತಿದ್ದ ಆ ಹೊತ್ತಿನಲ್ಲಿ ಸೇನೆ ವಿದ್ಯೆಯನ್ನು ಕೇಳಿತು. ವಿದ್ಯಾವಂತನಿಗೆ ಸ್ಥಾನ ಕೊಡಲಿಲ್ಲ. ಕಾಲೇಜಿನಲ್ಲಿ ಓದಿ ಬಂದವನು ಅಧಿಕಾರಿಗಳ ಊಟದ ಮನೆಗೂ ಸಿಪಾಯಿಗಳ ಬ್ಯಾರಕ್ಕಿಗೂ ಸೇರದೆ ನಡುವೆ ನಿಂತ.

1898ರ ಸ್ಪೇನ್ ಯುದ್ಧ ಇನ್ನೊಂದು ಬಾಗಿಲು ತೆರೆಯಿತು. ಸೈನಿಕರಿಗೆ ಕೆಟ್ಟ ಮಾಂಸ ತಿನ್ನಿಸಿದರು ಎಂದು ಜನರಲ್ ನೆಲ್ಸನ್ ಮೈಲ್ಸ್ ಬಹಿರಂಗವಾಗಿ ಆಪಾದಿಸಿದ, ವಿಚಾರಣೆ ನಡೆಯಿತು, ದೇಶವೆಲ್ಲ ಅದರದೇ ಮಾತು. ಮಾಂಸವನ್ನು ಪರೀಕ್ಷಿಸಬಲ್ಲ ಜನ ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಪಶುವೈದ್ಯರು ಲಾಯದಿಂದ ಉಗ್ರಾಣಕ್ಕೂ ಕಸಾಯಿಖಾನೆಗೂ ಕಾಲಿಟ್ಟರು. ಮುಂದೆ ಕುದುರೆ ಹೋದ ಮೇಲೂ ಈ ದಳ ಉಳಿದುಕೊಂಡದ್ದಕ್ಕೆ ಬುನಾದಿ ಬಿದ್ದದ್ದು ಇಲ್ಲಿ.

1901ರ ಫೆಬ್ರವರಿ 2ರ ಕಾಯಿದೆ ಅರ್ಧ ಹೆಜ್ಜೆ ಮುಂದಿಟ್ಟಿತು. ಪಶುವೈದ್ಯರಿಗೆ ಸೆಕೆಂಡ್ ಲೆಫ್ಟಿನೆಂಟನ ಸಂಬಳ, ಭತ್ಯೆ ಎರಡೂ ಸಿಕ್ಕವು. ದರ್ಜೆ ಸಿಗಲಿಲ್ಲ. ಅಧಿಕಾರಿಯ ಸಂಬಳ ಎಣಿಸಿಕೊಂಡು ಬರುವ ವೈದ್ಯ ಒಬ್ಬ ಸಿಪಾಯಿಗೂ ಅಧಿಕಾರಿಯಾಗಿ ಆಜ್ಞೆ ಮಾಡುವಂತಿರಲಿಲ್ಲ. ಇಪ್ಪತ್ತು ವರ್ಷ ಸೇವೆ ಸಲ್ಲಿಸಿದವನೂ ನಿನ್ನೆ ಸೇರಿದವನೂ ಒಂದೇ ಸಾಲಿನಲ್ಲಿ. ಓಲಾಫ್ ಶ್ವಾರ್ಟ್ಸ್‌ಕಾಫ್‌ನಂಥ ಅಶ್ವದಳದ ಪಶುವೈದ್ಯರು ಪತ್ರಿಕೆಗಳಲ್ಲಿ ಬರೆದು ಬರೆದು ಈ ವಿಚಾರವನ್ನು ಬಿಡದೆ ಜೀವಂತವಾಗಿಟ್ಟರು. ಅಮೆರಿಕದ ಪಶುವೈದ್ಯರ ಸಂಘ ಕಾಂಗ್ರೆಸ್ಸಿನ ಬಾಗಿಲು ತಟ್ಟುತ್ತಲೇ ಇತ್ತು.

1916: ಪರೀಕ್ಷೆ ಎರಡು ಬಗೆ

ಕೊನೆಗೆ 1916ರ ರಾಷ್ಟ್ರೀಯ ರಕ್ಷಣಾ ಕಾಯಿದೆ ಪಶುವೈದ್ಯ ದಳವನ್ನು ವೈದ್ಯಕೀಯ ಇಲಾಖೆಯ ಅಂಗವಾಗಿ ಸ್ಥಾಪಿಸಿತು. ಅಶ್ವದಳದ ಪ್ರತಿ ರೆಜಿಮೆಂಟಿಗೆ ಇಬ್ಬರು, ಫಿರಂಗಿ ದಳಕ್ಕೆ ಬೇರೆ, ಕುದುರೆ ಹೇಸರಗತ್ತೆಗಳ ಖರೀದಿಗೆ ಬೇರೆ, ಮಾಂಸದ ತಪಾಸಣೆಗೆ ಬೇರೆ ಎಂದು ಹುದ್ದೆಗಳನ್ನು ಹಂಚಿತು. ಸೇರುವವನು ಅಮೆರಿಕದ ಪ್ರಜೆಯಾಗಿರಬೇಕು, ವಯಸ್ಸು 21ರಿಂದ 27ರೊಳಗಿರಬೇಕು, ಮಾನ್ಯ ಕಾಲೇಜಿನ ಪದವೀಧರನಾಗಿರಬೇಕು. ನಡತೆ, ದೇಹಸ್ಥಿತಿ, ಸಾಮಾನ್ಯ ವಿದ್ಯೆ, ವೃತ್ತಿಜ್ಞಾನ ಈ ನಾಲ್ಕರಲ್ಲೂ ಪರೀಕ್ಷೆ ದಾಟಬೇಕು.

ಮೆಟ್ಟಿಲುಗಳನ್ನೂ ಕಾಯಿದೆಯೇ ಕಟ್ಟಿಕೊಟ್ಟಿತು. ಸಹಾಯಕ ಪಶುವೈದ್ಯ ಸೆಕೆಂಡ್ ಲೆಫ್ಟಿನೆಂಟನಾಗಿ ಸೇರುತ್ತಾನೆ. ಐದು ವರ್ಷದ ಸೇವೆಗೆ ಫಸ್ಟ್ ಲೆಫ್ಟಿನೆಂಟ್, ಹದಿನೈದು ವರ್ಷಕ್ಕೆ ಕ್ಯಾಪ್ಟನ್, ಇಪ್ಪತ್ತು ವರ್ಷಕ್ಕೆ ಮೇಜರ್. ಅದರ ಮೇಲೆ ಏನೂ ಇಲ್ಲ. ವರ್ಷ ತುಂಬಿದ ಮಾತ್ರಕ್ಕೆ ಬಡ್ತಿ ಬರುವುದೂ ಇಲ್ಲ, ಪರೀಕ್ಷೆಗೆ ಕೂರಬೇಕು. ಆ ಪರೀಕ್ಷೆಗೆ ಎರಡು ಮುಖ: ವೈದ್ಯನಾಗಿ ಅವನ ಯೋಗ್ಯತೆ, ಸೇನೆಯ ಬದುಕಿಗೆ ಅವನು ಒಗ್ಗುವ ಬಗೆ.

ಈ ಎರಡನೆಯ ಮುಖವೇ ಸೇನಾ ವೈದ್ಯನನ್ನು ಊರಿನ ವೈದ್ಯನಿಂದ ಬೇರೆ ಮಾಡುವುದು. ಹಳ್ಳಿಯಲ್ಲಿ ಒಂದು ಹಸು, ಒಬ್ಬ ಮಾಲೀಕ. ವೈದ್ಯ ಹೇಳುತ್ತಾನೆ, ಕೇಳುವುದೂ ಬಿಡುವುದೂ ಮಾಲೀಕನಿಗೆ ಸೇರಿದ್ದು. ರೆಜಿಮೆಂಟಿನಲ್ಲಿ ನೂರಾರು ಕುದುರೆಗಳು, ಅವುಗಳ ಮೇವಿನ ಲೆಕ್ಕ, ಔಷಧದ ದಾಸ್ತಾನು, ಕೈಕೆಳಗೆ ಸಿಪಾಯಿಗಳು, ತಪ್ಪು ಮಾಡಿದವನ ಮೇಲೆ ಶಿಸ್ತುಕ್ರಮ, ದಂಡು ನಡೆಯುವಾಗ ದಿನಕ್ಕೆ ಎಷ್ಟು ಮೈಲಿ ಎಂಬ ಸಲಹೆ. ಇವು ಯಾವುವೂ ಕಾಲೇಜಿನ ಪಠ್ಯದಲ್ಲಿಲ್ಲ. ಒಳ್ಳೆಯ ಶಸ್ತ್ರಚಿಕಿತ್ಸಕ ಕೆಟ್ಟ ಅಧಿಕಾರಿಯಾಗಬಹುದು ಎಂಬುದನ್ನು ಕಾಯಿದೆ ಮೊದಲೇ ಒಪ್ಪಿಕೊಂಡಿತ್ತು.

ಫ್ರಾನ್ಸಿನ ಪಾಠ, 1920ರ ಗಡಿಯಾರ

ದಳಕ್ಕೆ ಒಂದು ವರ್ಷ ತುಂಬುವ ಮೊದಲೇ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ನೂರಕ್ಕೂ ಕಡಿಮೆ ಜನರಿದ್ದ ದಳ ಯುದ್ಧ ಮುಗಿಯುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಅಧಿಕಾರಿಗಳ ಪಡೆಯಾಯಿತು. ಫ್ರಾನ್ಸಿನಲ್ಲಿ ಅವರು ಎದುರಿಸಿದ ಶತ್ರುಗಳಲ್ಲಿ ಕುದುರೆಗಳ ಕಜ್ಜಿರೋಗವೂ ಒಂದು. ಆಡಳಿತದ ಗೊಂದಲ ಅದಕ್ಕಿಂತ ದೊಡ್ಡದಾಗಿತ್ತು: ಪಶುವೈದ್ಯರು ಬಹುಕಾಲ ಕುದುರೆ ಪೂರೈಸುವ ವಿಭಾಗದ ಅಧೀನದಲ್ಲಿದ್ದರು. ಕುದುರೆ ಸಾಲದು ಎಂದು ಒದ್ದಾಡುವ ವಿಭಾಗದ ಮುಂದೆ ಈ ಕುದುರೆ ಬೇಡ ಎನ್ನುವುದು ಸುಲಭವಲ್ಲ. 1918ರ ಆಗಸ್ಟಿನಲ್ಲಿ ವೈದ್ಯಕೀಯ ವಿಭಾಗಕ್ಕೆ ವರ್ಗಾವಣೆಯಾದ ಮೇಲೆಯೇ ಪರಿಸ್ಥಿತಿ ಸುಧಾರಿಸಿತು. ಪಕ್ಕದಲ್ಲೇ ಬ್ರಿಟಿಷರ ಪಶುವೈದ್ಯ ಸೇವೆ ಇತ್ತು. ಅದರ ನಿರ್ದೇಶಕ ಜಾನ್ ಮೂರ್ ಮೇಜರ್ ಜನರಲ್. ಮೇಜರ್ ದರ್ಜೆಗೆ ಸೂರು ಹಾಕಿಕೊಂಡಿದ್ದ ಅಮೆರಿಕದ ಕಾಯಿದೆಯ ಮುಂದೆ ಆ ವ್ಯತ್ಯಾಸ ಎದ್ದು ಕಾಣುತ್ತಿತ್ತು.

1920ರ ಜೂನ್ 4ರ ತಿದ್ದುಪಡಿ ಈ ಸೂರನ್ನು ಕಿತ್ತುಹಾಕಿತು. ಹೊಸ ಲೆಕ್ಕ ಹೀಗೆ: ಮೂರು ವರ್ಷಕ್ಕೆ ಫಸ್ಟ್ ಲೆಫ್ಟಿನೆಂಟ್, ಏಳಕ್ಕೆ ಕ್ಯಾಪ್ಟನ್, ಹದಿನಾಲ್ಕಕ್ಕೆ ಮೇಜರ್, ಇಪ್ಪತ್ತಕ್ಕೆ ಲೆಫ್ಟಿನೆಂಟ್ ಕರ್ನಲ್, ಇಪ್ಪತ್ತಾರಕ್ಕೆ ಕರ್ನಲ್. ಮನುಷ್ಯರ ವೈದ್ಯರಿಗೆ ಇದಕ್ಕಿಂತ ಬೇಗ ಸಿಗುತ್ತಿತ್ತು. ಅವರು ಮೂರೇ ವರ್ಷಕ್ಕೆ ಕ್ಯಾಪ್ಟನ್, ಹನ್ನೆರಡಕ್ಕೆ ಮೇಜರ್. ಆದರೆ ಇಪ್ಪತ್ತನೆಯ ವರ್ಷಕ್ಕೆ ಇಬ್ಬರೂ ಸಮ. ಅರ್ಧ ಶತಮಾನ ಸಾರ್ಜೆಂಟನ ಪಕ್ಕದಲ್ಲಿ ನಿಂತಿದ್ದ ವೃತ್ತಿಗೆ ಕರ್ನಲ್ ಹುದ್ದೆಯವರೆಗೆ ದಾರಿ ತೆರೆಯಿತು.

ಖಾಲಿ ಜಾಗಕ್ಕೆ ಕಾಯದೆ ಸೇವಾವಧಿಯಿಂದಲೇ ಬಡ್ತಿ ಕೊಡುವ ಈ ಪದ್ಧತಿ ಸಣ್ಣ ದಳಕ್ಕೆ ವರವಾಯಿತು. ಕಡಿತದ ನಂತರ ಕಾಯಂ ಪಶುವೈದ್ಯ ಅಧಿಕಾರಿಗಳ ಸಂಖ್ಯೆ 126ಕ್ಕೆ ಇಳಿದಿತ್ತು. ಅಷ್ಟು ಚಿಕ್ಕ ದಳದಲ್ಲಿ ಮೇಲಿನವನು ಸತ್ತರೆ ಇಲ್ಲವೇ ನಿವೃತ್ತನಾದರೆ ಮಾತ್ರ ಕೆಳಗಿನವನಿಗೆ ಬಡ್ತಿ ಎಂದಿದ್ದರೆ ಪ್ರತಿಭಾವಂತರು ಉಳಿಯುತ್ತಿರಲಿಲ್ಲ. ಹೋರಾಟದ ದಳಗಳಲ್ಲಿ ಅದೇ ಆಯಿತು: ಮಹಾಯುದ್ಧದಲ್ಲಿ ಒಟ್ಟಿಗೆ ಸೇರಿದ ದೊಡ್ಡ ಗುಂಪು ದಾರಿಗಡ್ಡವಾಗಿ, ಎಷ್ಟೋ ಲೆಫ್ಟಿನೆಂಟರು ಹತ್ತು ವರ್ಷ ಮೀರಿದರೂ ಅದೇ ಹುದ್ದೆಯಲ್ಲಿ ಉಳಿದರು. ಪಶುವೈದ್ಯನಿಗೆ ತನ್ನ ಮುಂದಿನ ಪಟ್ಟಿ ಯಾವ ವರ್ಷ ಬರುತ್ತದೆಂದು ತಿಳಿದಿತ್ತು.

ವರ್ಷಗಳನ್ನು ತುಂಬುವುದಕ್ಕೂ ತರಬೇತಿ ಇತ್ತು. 1920ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಬ್ಯಾರಕ್ಸಿನಲ್ಲಿ ವೈದ್ಯಕೀಯ ಇಲಾಖೆಯ ಯುದ್ಧಭೂಮಿ ಸೇವಾ ಶಾಲೆ ಆರಂಭವಾಯಿತು. ಆಡಳಿತ, ನಕ್ಷೆ ಓದುವುದು, ಸವಾರಿ, ಗಾಯಗೊಂಡ ಪ್ರಾಣಿಗಳ ಸಾಗಣೆ ಇವೆಲ್ಲ ಅಲ್ಲಿ. ವಾಷಿಂಗ್ಟನ್ನಿನ ಸೇನಾ ಪಶುವೈದ್ಯ ಶಾಲೆಯಲ್ಲಿ ಪ್ರಯೋಗಾಲಯದ ಕೆಲಸ, ಷಿಕಾಗೊದಲ್ಲಿ ಮಾಂಸ ಮತ್ತು ಹಾಲಿನ ತಪಾಸಣೆ. ಮೂರು ಊರುಗಳ ಮೂರು ಪಾಠಗಳನ್ನು ನೋಡಿದರೆ ಸೇನೆ ತನ್ನ ಪಶುವೈದ್ಯನಿಂದ ಏನೇನು ಬಯಸುತ್ತಿತ್ತು ಎಂಬುದು ತಿಳಿಯುತ್ತದೆ.

ಪ್ರಯೋಗಾಲಯದಿಂದ ಮೊದಲ ಜನರಲ್

ಈ ವ್ಯವಸ್ಥೆಯ ಫಲವನ್ನು ಒಬ್ಬ ವ್ಯಕ್ತಿಯಲ್ಲಿ ತೋರಿಸುವುದಾದರೆ ಅವನು ರೇಮಂಡ್ ಕೆಲ್ಸರ್. 1918ರಲ್ಲಿ ದಳ ಸೇರಿದ ಕೆಲ್ಸರ್ ಹೆಸರು ಮಾಡಿದ್ದು ಸೂಕ್ಷ್ಮಜೀವಿ ವಿಜ್ಞಾನಿಯಾಗಿ. 1920ರ ದಶಕದಲ್ಲಿ ಫಿಲಿಪೀನ್ಸಿನ ಮನಿಲಾದಲ್ಲಿ ಸೇನೆಯ ಸಂಶೋಧನಾ ಮಂಡಳಿಯಲ್ಲಿದ್ದಾಗ ರಿಂಡರ್‌ಪೆಸ್ಟ್ ವಿರುದ್ಧ ಕ್ಲೋರೋಫಾರ್ಮಿನಿಂದ ನಿಷ್ಕ್ರಿಯಗೊಳಿಸಿದ ಅಂಗಾಂಶ ಲಸಿಕೆಯನ್ನು ರೂಪಿಸಿದ. ನಮ್ಮ ರೈತರು ದೊಡ್ಡರೋಗವೆಂದು ಹೆದರುತ್ತಿದ್ದ ಅದೇ ಪಿಡುಗು ಅದು. ಭಾರತ ಅದರಿಂದ ಮುಕ್ತವೆಂದು 2006ರಲ್ಲಿ, ಇಡೀ ಜಗತ್ತು ಮುಕ್ತವೆಂದು 2011ರಲ್ಲಿ ಘೋಷಣೆಯಾಯಿತು. ಆ ಗೆಲುವಿನ ಹಿಂದೆ ಬೇರೆ ಬೇರೆ ದೇಶಗಳ ಹಲವು ಲಸಿಕೆಗಳ ಸಾಲೇ ಇದೆ, ಕೆಲ್ಸರನದು ಅವುಗಳಲ್ಲೊಂದು. 1933ರಲ್ಲಿ ಕುದುರೆಗಳ ಮಿದುಳುಜ್ವರದ ವೈರಸ್ಸನ್ನು ಈಡಿಸ್ ಸೊಳ್ಳೆ ಹರಡಬಲ್ಲದು ಎಂದು ಪ್ರಯೋಗದಿಂದ ತೋರಿಸಿದವನೂ ಅವನೇ.

ಕೆಲ್ಸರ್ 1938ರಲ್ಲಿ ಪಶುವೈದ್ಯ ವಿಭಾಗದ ಮುಖ್ಯಸ್ಥನಾದ. 1942ರಲ್ಲಿ ಬ್ರಿಗೇಡಿಯರ್ ಜನರಲ್ ಆದ. ಅಮೆರಿಕದ ಸೇನೆಯಲ್ಲಿ ಆ ದರ್ಜೆ ಕಂಡ ಮೊದಲ ಪಶುವೈದ್ಯ ಅವನು. ಕಾಯಿದೆಯ ಗಡಿಯಾರ ಕರ್ನಲ್ ಹುದ್ದೆಗೆ ನಿಲ್ಲುತ್ತಿತ್ತು. ಅದರಾಚೆಗೆ ಕೆಲ್ಸರನನ್ನು ಒಯ್ದದ್ದು ವಿಜ್ಞಾನದಲ್ಲಿ ಗಳಿಸಿದ ಹೆಸರು ಮತ್ತು ಎರಡನೆಯ ಮಹಾಯುದ್ಧದ ಅಗತ್ಯ. ಯುದ್ಧಕಾಲದಲ್ಲಿ ದಳ ಮತ್ತೆ ಎರಡು ಸಾವಿರ ದಾಟಿತು. ಹೆಚ್ಚಿನವರ ಕೆಲಸ ಕುದುರೆಯ ಬಳಿಯಲ್ಲಿ ಇರಲಿಲ್ಲ, ಲಕ್ಷಾಂತರ ಸೈನಿಕರು ತಿನ್ನುವ ಮಾಂಸ, ಮೊಟ್ಟೆ, ಹಾಲಿನ ಬಳಿ ಇತ್ತು.

ಗಡಿಯಾರ ಹೋಗಿ ಮಂಡಳಿ ಬಂತು

ಯುದ್ಧ ಮುಗಿಯಿತು. 1948ರಲ್ಲಿ ಸೇನೆ ತನ್ನ ಅಶ್ವಾಗಾರಗಳನ್ನು ಕೃಷಿ ಇಲಾಖೆಗೆ ಒಪ್ಪಿಸಿತು. 1956ರ ಡಿಸೆಂಬರಿನಲ್ಲಿ ಕೊಲರಾಡೊದ ಫೋರ್ಟ್ ಕಾರ್ಸನ್ನಿನಲ್ಲಿ ಕೊನೆಯ ಹೇಸರಗತ್ತೆಗಳ ದಳವೂ ವಿಸರ್ಜನೆಯಾಯಿತು. ಕುದುರೆಗಾಗಿ ಹುಟ್ಟಿದ ವೃತ್ತಿ ಕುದುರೆಯಿಲ್ಲದ ಸೇನೆಯಲ್ಲಿ ಉಳಿಯಬೇಕಾಯಿತು.

ಬಡ್ತಿಯ ನಿಯಮ ಬದಲಾದದ್ದೂ ಇದೇ ಹೊತ್ತಿನಲ್ಲಿ. 1947ರ ಆಗಸ್ಟಿನ ಅಧಿಕಾರಿ ಸಿಬ್ಬಂದಿ ಕಾಯಿದೆ ಇಡೀ ಸೇನೆಗೆ ಆಯ್ಕೆಯ ತತ್ವವನ್ನು ತಂದಿತು. ವರ್ಷ ತುಂಬಿದರೆ ಬಡ್ತಿಗೆ ಪರಿಗಣನೆಯ ಹಕ್ಕು ಬರುತ್ತದೆ, ಬಡ್ತಿ ಬರುವುದಿಲ್ಲ. ಮಂಡಳಿಯೊಂದು ಎಲ್ಲರ ಕಡತಗಳನ್ನು ಓದಿ ಉತ್ತಮರನ್ನು ಆರಿಸುತ್ತದೆ. ಎರಡು ಬಾರಿ ಆಯ್ಕೆಯಾಗದವನು ಸಾಮಾನ್ಯವಾಗಿ ಸೇನೆ ಬಿಡಬೇಕು. 1980ರಲ್ಲಿ ಮತ್ತೊಂದು ಕಾಯಿದೆ ಈ ತತ್ವವನ್ನು ಎಲ್ಲ ಸೇನೆಗಳಿಗೂ ಏಕರೂಪವಾಗಿ ಅನ್ವಯಿಸಿತು. ಅದೇ ವರ್ಷ ವಾಯುಸೇನೆ ತನ್ನ ಪಶುವೈದ್ಯ ಸೇವೆಯನ್ನು ಮುಚ್ಚಿತು. ಭೂಸೇನೆಯ ಪಶುವೈದ್ಯ ದಳವೇ ಎಲ್ಲರ ಪಶುವೈದ್ಯಕೀಯ ಸೇವೆಯ ಹೊಣೆ ಹೊತ್ತಿತು.

1916ರ ಪದ್ಧತಿಗೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ಅಂದಿನ ಪರೀಕ್ಷೆಯಲ್ಲಿ ವೈದ್ಯ ಒಂದು ಮಟ್ಟವನ್ನು ಮುಟ್ಟಿದರೆ ಸಾಕಿತ್ತು. ಹತ್ತು ಜನ ಕೂತು ಹತ್ತೂ ಜನ ಗೆಲ್ಲಬಹುದಿತ್ತು. ಮಂಡಳಿಯ ಎದುರು ಅವನು ತನ್ನ ಜೊತೆಯವರಿಗಿಂತ ಮುಂದಿರಬೇಕು. ಪರೀಕ್ಷಕನ ಎದುರು ಕೂತು ಉತ್ತರಿಸುವ ಅವಕಾಶವೂ ಇಲ್ಲ, ಅವನ ಪರವಾಗಿ ಮಾತಾಡುವುದು ಕಡತ ಮಾತ್ರ.

ಇಂದು ಕಡತದಲ್ಲಿ ಏನಿರಬೇಕು

ಈಗ ಪಶುವೈದ್ಯ ಪದವೀಧರ ಸೇನೆಗೆ ಸೇರುವುದೇ ಕ್ಯಾಪ್ಟನ್ನನಾಗಿ. ಕಾಲೇಜಿನ ವರ್ಷಗಳನ್ನು ಸೇವೆಯ ಲೆಕ್ಕಕ್ಕೆ ಹಿಡಿಯುವುದರಿಂದ ಕೆಳಗಿನ ಎರಡು ಮೆಟ್ಟಿಲು ತಾನಾಗಿ ದಾಟುತ್ತವೆ. ಟೆಕ್ಸಾಸಿನ ಫೋರ್ಟ್ ಸ್ಯಾಮ್ ಹ್ಯೂಸ್ಟನ್ನಿನಲ್ಲಿ ಮೂಲ ತರಬೇತಿ; ಕಾರ್ಲೈಲಿನ ಹಳೆಯ ಶಾಲೆ 1946ರಲ್ಲಿ ಅಲ್ಲಿಗೇ ಸ್ಥಳಾಂತರಗೊಂಡಿತ್ತು. ಆಮೇಲೆ ಸೇನಾ ಪ್ರಾಣಿ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಮೊದಲ ವರ್ಷದ ಅಭ್ಯಾಸ. ಯಾವುದಾದರೊಂದು ರಾಜ್ಯದ ವೃತ್ತಿ ಪರವಾನಗಿ ಸದಾ ಚಾಲ್ತಿಯಲ್ಲಿರಬೇಕು.

ಮೇಜರ್ ಆಗಲು ಕ್ಯಾಪ್ಟನ್ನರ ತರಬೇತಿ ಮುಗಿಸಿರಬೇಕು. ಲೆಫ್ಟಿನೆಂಟ್ ಕರ್ನಲ್ ಹಂತಕ್ಕೆ ಮೇಜರರ ಮಟ್ಟದ ಸೇನಾ ಶಿಕ್ಷಣ ಬೇಕು. ಅದರ ಕೇಂದ್ರ ಕ್ಯಾನ್ಸಸಿನ ಫೋರ್ಟ್ ಲೆವೆನ್‌ವರ್ತ್. ಕರ್ನಲ್‌ಗಳಲ್ಲಿ ಆಯ್ದ ಕೆಲವರು ಯುದ್ಧ ಕಾಲೇಜಿಗೆ ಹೋಗುತ್ತಾರೆ. ಅದು 1951ರಿಂದ ಕಾರ್ಲೈಲ್ ಬ್ಯಾರಕ್ಸಿನಲ್ಲೇ ಇದೆ. ಇವೆಲ್ಲ ಸೈನಿಕನ ಭಾಗ. ವೈದ್ಯನ ಭಾಗದಲ್ಲಿ ವಿಶೇಷಜ್ಞತೆ ಬರುತ್ತದೆ: ರೋಗತಡೆ ಮತ್ತು ಸಾರ್ವಜನಿಕ ಆರೋಗ್ಯ, ಪ್ರಯೋಗಾಲಯದ ಪ್ರಾಣಿಗಳ ವೈದ್ಯಕೀಯ, ರೋಗಶಾಸ್ತ್ರ, ಚಿಕಿತ್ಸಾ ವೈದ್ಯಕೀಯ. ಸೇನೆಯೇ ಖರ್ಚು ಕೊಟ್ಟು ಉನ್ನತ ವ್ಯಾಸಂಗಕ್ಕೆ ಕಳಿಸುತ್ತದೆ. ಪ್ರಮಾಣಪತ್ರ ಕೊಡುವವರು ಸೇನೆಯ ಹೊರಗಿನ ವೃತ್ತಿಪರ ಮಂಡಳಿಗಳು. 1949ರಲ್ಲಿ ಸ್ಥಾಪನೆಯಾದ ಪಶು ರೋಗಶಾಸ್ತ್ರಜ್ಞರ ಅಮೆರಿಕನ್ ಕಾಲೇಜು ಅಂಥವುಗಳಲ್ಲೊಂದು. ಊರಿನ ತಜ್ಞನು ಬರೆಯುವ ಪರೀಕ್ಷೆಯನ್ನೇ ಸೇನೆಯ ತಜ್ಞನೂ ಬರೆಯುತ್ತಾನೆ, ರಿಯಾಯಿತಿ ಇಲ್ಲ.

ಇವೆಲ್ಲದರ ಮೇಲೆ ಮೇಲಧಿಕಾರಿ ಬರೆಯುವ ಮೌಲ್ಯಮಾಪನ ವರದಿ. ಮಂಡಳಿಯ ಸದಸ್ಯರು ಓದುವುದರಲ್ಲಿ ಹೆಚ್ಚು ತೂಕದ ಕಾಗದ ಅದೇ. 2020ರಲ್ಲಿ ಕಡತದಿಂದ ಅಧಿಕಾರಿಯ ಭಾವಚಿತ್ರವನ್ನು ತೆಗೆದುಹಾಕಲಾಯಿತು. ಮುಖ ನೋಡಿ ಮಣೆ ಹಾಕುವ ಸಂಶಯವೂ ಬೇಡವೆಂದು. ಮೇಜರ್ ಮತ್ತು ಅದರ ಮೇಲಿನ ಬಡ್ತಿಗಳಿಗೆ ಸೆನೆಟ್ಟಿನ ಒಪ್ಪಿಗೆ ಬೇಕು.

ನಮ್ಮ ಕಡೆ ನೋಡಿದರೆ

ಭಾರತೀಯ ಸೇನೆಯ ರಿಮೌಂಟ್ ವೆಟರಿನರಿ ಕೋರ್ ತನ್ನ ಹುಟ್ಟನ್ನು 1779ರ ಡಿಸೆಂಬರ್ 14ಕ್ಕೆ ಗುರುತಿಸುತ್ತದೆ; ಅಮೆರಿಕದ ದಳಕ್ಕಿಂತ ಬಹಳ ಹಿರಿಯದು. ಅದರ ಕೇಂದ್ರ ಮತ್ತು ಕಾಲೇಜು ಮೀರತ್ತಿನಲ್ಲಿವೆ. ‘ಪಶು ಸೇವಾ ಅಸ್ಮಾಕಂ ಧರ್ಮಃ’ ಅದರ ಧ್ಯೇಯವಾಕ್ಯ. ಹೆಬ್ಬಾಳದಲ್ಲೋ ಬೀದರಿನಲ್ಲೋ ಪಶುವೈದ್ಯ ಪದವಿ ಮುಗಿಸಿದ ಕನ್ನಡದ ಹುಡುಗ ಅಲ್ಪಾವಧಿ ಸೇವೆಗೆ ಆಯ್ಕೆಯಾದರೆ ಇಲ್ಲಿಯೂ ಅವನ ಮೊದಲ ದರ್ಜೆ ಕ್ಯಾಪ್ಟನ್ನನದೇ. ದಳದ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್. ಅಮೆರಿಕದ ದಳದ ಮೊದಲ ಜನರಲ್ ಕೆಲ್ಸರ್ ತಲುಪಿದ ದರ್ಜೆಗಿಂತ ಎರಡು ಮೆಟ್ಟಿಲು ಮೇಲೆ. ಕುದುರೆ, ಹೇಸರಗತ್ತೆಗಳು ನಮ್ಮ ಗಡಿಗಳ ಬೆಟ್ಟದ ದಾರಿಗಳಲ್ಲಿ ಇನ್ನೂ ಸಾಮಾನು ಹೊರುತ್ತಿವೆ, ಸೇನೆಯ ನಾಯಿಗಳು ಸ್ಫೋಟಕಗಳನ್ನು ಮೂಸಿ ಹುಡುಕುತ್ತಿವೆ. ಆದ್ದರಿಂದ ಇಲ್ಲಿನ ಪಶುವೈದ್ಯನ ಯೋಗ್ಯತೆಯನ್ನು ಅಳೆಯುವಾಗ ಲಾಯದ ಅನುಭವಕ್ಕೆ ಈಗಲೂ ಬೆಲೆಯಿದೆ.

ತೀರದ ತಕರಾರು

ನೂರೈವತ್ತು ವರ್ಷಗಳ ಈ ದಾರಿಯಲ್ಲಿ ಒಂದು ಬಿಕ್ಕ‌ಟ್ಟು ಇನ್ನೂ ಬಗೆಹರಿದಿಲ್ಲ. ಒಳ್ಳೆಯ ರೋಗಶಾಸ್ತ್ರಜ್ಞ ತನ್ನ ಅತ್ಯುತ್ತಮ ವರ್ಷಗಳನ್ನು ಸೂಕ್ಷ್ಮದರ್ಶಕದ ಮುಂದೆ ಕಳೆಯುತ್ತಾನೆ. ಮಂಡಳಿಗೆ ಬೇಕಾದದ್ದು ಘಟಕಗಳನ್ನು ನಡೆಸಿದ ಅನುಭವ. ಮೇಲೇರಬೇಕಾದರೆ ಅವನು ತಾನು ಚೆನ್ನಾಗಿ ಬಲ್ಲ ಕೆಲಸವನ್ನು ಬಿಟ್ಟು ಬೇರೆ ಕೆಲಸ ಹಿಡಿಯಬೇಕು. ಬಿಡದಿದ್ದರೆ ದರ್ಜೆಯ ಜೊತೆಗೆ ಕೆಲವೊಮ್ಮೆ ಸೇನೆಯನ್ನೇ ಬಿಡಬೇಕು. 1920ರ ಗಡಿಯಾರದ ನಿಯಮದಲ್ಲಿ ಸೋಮಾರಿಗೂ ಬಡ್ತಿ ಸಿಗುವ ಅಪಾಯವಿತ್ತು, ಆದರೆ ಕೆಲ್ಸರನಂಥವನು ಮನಿಲಾದಲ್ಲಿ ಕೂತು ಲಸಿಕೆ ಮಾಡುತ್ತಿರುವಾಗ ಬಡ್ತಿಯ ಚಿಂತೆ ಮಾಡಬೇಕಿರಲಿಲ್ಲ. ಆಯ್ಕೆಯ ನಿಯಮದಲ್ಲಿ ಸೋಮಾರಿ ಹೊರಬೀಳುತ್ತಾನೆ, ಅವನೊಂದಿಗೆ ಏಕಾಗ್ರ ವಿಜ್ಞಾನಿಯೂ ಹೊರಬೀಳಬಹುದು.

ಪಶುವೈದ್ಯ ದಳದಂಥ ಸಣ್ಣ ಸೇವೆಗಳಿಗೆ ಈ ಚರಿತ್ರೆ ಕೊಡುವ ತೀರ್ಪು ನನಗೆ ಕಾಣುವಂತೆ ಇದು: ಮಧ್ಯಮ ಹಂತದವರೆಗೆ ಸೇವಾವಧಿ ಮತ್ತು ಪರೀಕ್ಷೆ, ಆಜ್ಞೆ ಮಾಡುವ ಹುದ್ದೆಗಳಿಗೆ ಮಾತ್ರ ಆಯ್ಕೆ, ತಜ್ಞನಿಗೆ ಆಜ್ಞೆಯ ಹುದ್ದೆ ಹಿಡಿಯದೆಯೂ ಮೇಲೇರಲು ಪ್ರತ್ಯೇಕ ಸಾಲು. ಯಾವ ನಿಯಮವೇ ಆಗಲಿ, ಅದನ್ನು ಒರೆಗೆ ಹಚ್ಚಬೇಕಾದ ಜಾಗ ಕೆಲಸದ ಸ್ಥಳವೇ. ಕೆಟ್ಟ ಮಾಂಸದ ಲಾರಿಯನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸಲು, ರೋಗದ ಪ್ರಾಣಿಯನ್ನು ಬೇರ್ಪಡಿಸಲು, ದಂಡಿನ ಹೊರಡುವಿಕೆಯನ್ನು ಒಂದು ದಿನ ತಡೆಯಲು ಅಲ್ಲಿ ನಿಂತ ಪಶುವೈದ್ಯನಿಗೆ ಸಾಕಷ್ಟು ದರ್ಜೆ ಇದೆಯೇ? ಇದ್ದರೆ ಬಡ್ತಿಯ ನಿಯಮ ತನ್ನ ಕೆಲಸ ಮಾಡಿದೆ. ಇಲ್ಲದಿದ್ದರೆ 1863ರ ಸಾರ್ಜೆಂಟನಿಗೂ ಅವನಿಗೂ ಇರುವ ವ್ಯತ್ಯಾಸ ಸಂಬಳದ ಚೀಟಿಯಲ್ಲಿ ಮಾತ್ರ.